ಕೂಲೆಂಟ್ ಪೈಪಿನ ಪ್ಲಾಸ್ಟಿಕ್ ಮೂತಿ ಮುರಿದರೆ ಏನು ಮಾಡಬೇಕು?

ಬೇಸಿಗೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಮದ್ದೂರು, ಮಂಡ್ಯದ ಆಸುಪಾಸು ಬಾನೆಟ್ ಎತ್ತಿ ನಿಂತ ಕಾರುಗಳು ಹೊಸತಲ್ಲ. ಇಂಜಿನ್ ಗಟ್ಟಿಮುಟ್ಟಾಗಿದ್ದರೂ ಅದನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಹರಿಯುವ ಪೈಪು ಸೇರುವ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಮೂತಿ ಮುರಿದರೆ ಸಾಕು, ಪಯಣ ಅಲ್ಲಿಗೇ ನಿಲ್ಲುತ್ತದೆ. ರೇಡಿಯೇಟರಿನ ತುದಿಯ ಟ್ಯಾಂಕು, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿಯಬಿಡುವ ವಾಲ್ವ್) ಕೂರುವ ಹೌಸಿಂಗ್, ಹೋಸ್‌ಗಳನ್ನು ಕೂಡಿಸುವ ಟಿ ಕನೆಕ್ಟರ್ ಈಗಿನ ಬಹುಪಾಲು ಕಾರುಗಳಲ್ಲಿ ಗಾಜಿನ ಎಳೆ ಬೆರೆತ ನೈಲಾನಿನವು. ವರ್ಷಗಟ್ಟಲೆ ಕಾದು, ಆರಿ, ಮತ್ತೆ ಕಾದು ಅದು ಪೆಡಸಾಗುತ್ತದೆ. ಬಿಸಿಲಲ್ಲಿ ಬಿದ್ದಿದ್ದ ಹಳೆಯ ಬಕೆಟ್ಟಿನ ಹಿಡಿಯಂತೆ, ಸ್ವಲ್ಪ ಅಲುಗಿಸಿದರೂ ಲಟಕ್ಕನೆ ಮುರಿಯುತ್ತದೆ.

ಹೆಚ್ಚಿನವರು ತಪ್ಪುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅಂಟು ಹಾಕಿ ಬಳಸುತ್ತಾ ಹೋಗಬೇಡಿ. ಎಂ-ಸೀಲ್ ಆಗಲಿ, ಫೆವಿಕ್ವಿಕ್ ಆಗಲಿ ಬಿಸಿ ಕೂಲೆಂಟ್ ಮತ್ತು ಒತ್ತಡದ ಮುಂದೆ ಬಹಳ ದಿನ ನಿಲ್ಲುವುದಿಲ್ಲ. ಅಗ್ಗದ ಪಾರ್ಟನ್ನು ಉಳಿಸಲು ಹೋದರೆ ಇಂಜಿನ್ ಬ್ಲಾಕು ಮತ್ತು ಹೆಡ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಸುಟ್ಟು ಬಿಲ್ಲು ಸಾವಿರಗಟ್ಟಲೆ ಬೆಳೆಯುತ್ತದೆ.

ರಸ್ತೆಯಲ್ಲಿದ್ದಾಗ

ಟೆಂಪರೇಚರ್ ಮುಳ್ಳು ಏರತೊಡಗಿದೊಡನೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಡಕ್ಕೆ ಸರಿದು ಇಂಜಿನ್ ನಿಲ್ಲಿಸಿ. ಮುಳ್ಳನ್ನೇ ಪೂರ್ತಿ ನಂಬುವಂತಿಲ್ಲ. ಕೂಲೆಂಟ್ ಎಲ್ಲ ಸೋರಿಹೋದಾಗ ಸೆನ್ಸರಿಗೆ ನೀರೇ ತಾಗದೆ ಮುಳ್ಳು ಇಳಿದಂತೆ ಕಾಣಬಹುದು. ಸಿಹಿ ವಾಸನೆ, ಬಾನೆಟ್ ಅಂಚಿನಲ್ಲಿ ಹಬೆ, ಹೀಟರಿನಿಂದ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿಬಿಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ ನೆರವು ಕೇಳಬಹುದು.

ಬಿಸಿಯಿರುವಾಗ ಕೂಲೆಂಟ್ ತುಂಬುವ ಬಾಯಿಯ ಕ್ಯಾಪ್ ಮುಟ್ಟಲೇಬಾರದು. ಕ್ಯಾಪಿನ ಮೇಲೆ 0.9 ಅಥವಾ 1.1ರಂಥ ಅಂಕಿ ಇರುತ್ತದೆ; ಅದು ಒಳಗೆ ತಡೆದಿಡುವ ಒತ್ತಡ, ಬಾರ್ ಲೆಕ್ಕದಲ್ಲಿ. ಬರೀ ನೀರು ಕೂಡ ಸುಮಾರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ 100 ಡಿಗ್ರಿಗಲ್ಲ, ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬಿದ್ದು, ಅದುವರೆಗೆ ಸುಮ್ಮನಿದ್ದ ನೀರು ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಹೋಸ್ ಮುಟ್ಟಿದರೆ ಬೆಚ್ಚಗೂ ಅನ್ನಿಸದಷ್ಟು ಆರುವ ತನಕ ಕಾಯಿರಿ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಮುರಿದ ಮೂತಿಯಲ್ಲಿ ಒಂದಿಷ್ಟು ಉದ್ದ ಉಳಿದಿದ್ದರೆ ಹೋಸನ್ನು ಅದರ ಮೇಲೆ ಒತ್ತಿ ಕ್ಲಿಪ್ ಬಿಗಿದು, ನಿಧಾನವಾಗಿ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಟಿ ಕನೆಕ್ಟರ್ ಆದರೆ ಅದೇ ಅಳತೆಯ ಲೋಹದ ಟಿ ಸಿಕ್ಕರೂ ತಾತ್ಕಾಲಿಕವಾಗಿ ನಡೆಯುತ್ತದೆ. ಮೂತಿ ಬುಡದಲ್ಲೇ ಕಿತ್ತುಬಂದಿದ್ದರೆ ಟೋಯಿಂಗ್ ಬಿಟ್ಟು ದಾರಿಯಿಲ್ಲ.

ಪಾರ್ಟ್ ಬಿಚ್ಚುವಾಗ

ಅಂಗಡಿಗೆ ಹಳೆಯ ಪಾರ್ಟನ್ನೂ ಆರ್‌ಸಿಯನ್ನೂ ಒಯ್ಯಿರಿ. ಒಂದೇ ಮಾಡೆಲ್‌ನಲ್ಲೂ ಪೆಟ್ರೋಲ್, ಡೀಸೆಲ್‌ಗೆ ಬೇರೆ ಬೇರೆ ಹೌಸಿಂಗ್ ಇರಬಹುದು.

ಕೆಳಗೆ ಅಗಲವಾದ ಟಬ್ ಇಟ್ಟು ಕೂಲೆಂಟ್ ಬಸಿಯಿರಿ. ಅದನ್ನು ಚರಂಡಿಗಾಗಲಿ ನಾಲೆಗಾಗಲಿ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಬೆಕ್ಕು, ಹಸು ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಒಪ್ಪಿಸಿ.

ಹಳೆಯ ಹೋಸ್ ಮೂತಿಗೆ ಕಚ್ಚಿಕೊಂಡಿರುತ್ತದೆ. ಎಳೆಯದೆ ಮೊದಲು ತಿರುಗಿಸಿ ಬಿಡಿಸಿ. ಬಾರದಿದ್ದರೆ ಹೋಸನ್ನೇ ಉದ್ದಕ್ಕೆ ಸೀಳಿ, ಹೊಸದು ಹಾಕಿ. ಹೋಸಿಗೆ ಕನಿಕರ ತೋರಿ ಗಟ್ಟಿಯಿರುವ ಇನ್ನೊಂದು ಮೂತಿಯನ್ನೂ ಮುರಿದುಕೊಳ್ಳುವವರೇ ಜಾಸ್ತಿ.

ತಾಳ್ಮೆ ಬೇಕಾಗುವುದು ಇಂಜಿನ್ ಬದಿಯ ಅಲ್ಯುಮಿನಿಯಂ ತೂತಿನಲ್ಲಿ ಮುರಿದು ಉಳಿದ ತುಂಡಿಗೆ. ಒಳಗೆ ಬಟ್ಟೆಯ ಚೂರು ತುರುಕಿ, ಅದರ ಬಾಲ ಹೊರಗೆ ಇರಲಿ. ಬಿಡಿ ಹ್ಯಾಕ್ಸಾ ಬ್ಲೇಡಿನಿಂದ ಪ್ಲಾಸ್ಟಿಕ್ಕಿನಲ್ಲಿ ಎರಡು ಕಡೆ ಗೀರಿ. ಬ್ಲೇಡು ಅಲ್ಯುಮಿನಿಯಂಗೆ ತಾಗಬಾರದು. ಆಮೇಲೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಒಳಮುಖವಾಗಿ ಮಡಚಿದರೆ ತುಂಡು ಸಡಿಲವಾಗಿ ಬರುತ್ತದೆ. ಮುರಿದ ಚೂರುಗಳನ್ನೆಲ್ಲ ಹಳೆಯ ಪಾರ್ಟಿನ ಮೇಲೆ ಜೋಡಿಸಿ ನೋಡಿ. ಒಂದು ಕಡಿಮೆಯಾದರೂ ಸಿಗುವ ತನಕ ಹುಡುಕಿ. ಅದು ಥರ್ಮೋಸ್ಟಾಟ್‌ನಲ್ಲಿ ಸಿಕ್ಕಿಕೊಂಡರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ; ರೇಡಿಯೇಟರಿಗೆ ಹೋದರೆ ಸಣ್ಣ ನಳಿಗೆಗಳಿಗೆ ಅಡ್ಡ ಕೂರುತ್ತದೆ.

ಹೊಸ ಪಾರ್ಟ್ ಕೂರುವ ಅಲ್ಯುಮಿನಿಯಂ ಜಾಗದ ಮೇಲಿನ ಬಿಳಿ ಪುಡಿಯನ್ನು ಸ್ಕ್ರಬ್ಬರಿನಿಂದ ಉಜ್ಜಿ ತೆಗೆಯಿರಿ. ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಹೊಸದೇ ಇರಲಿ, ಕೂಲೆಂಟಿನಲ್ಲೇ ಅದ್ದಿ ಕೂರಿಸಿ. ಗ್ರೀಸ್ ಅಥವಾ ಇಂಜಿನ್ ಆಯಿಲ್ ಸವರಿದರೆ ಆ ರಬ್ಬರ್ ಉಬ್ಬಿ ಕೆಡುತ್ತದೆ. ಬೋಲ್ಟುಗಳನ್ನು ಬೆರಳಲ್ಲಿ ಕೂರಿಸಿ, ಒಂದಾದ ಮೇಲೊಂದರಂತೆ ಸಮನಾಗಿ ಬಿಗಿಯಿರಿ. ಇಂಥ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು; ತೋಳುಬಲ ತೋರಿಸಿದರೆ ಹೊಸ ಹೌಸಿಂಗ್ ಅಂದೇ ಸೀಳುತ್ತದೆ.

ತುಂಬಿಸುವಾಗ

ಬೋರ್ ನೀರು ಬೇಡ. ಮಂಡ್ಯ ಸೀಮೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ರಸ್ತೆಬದಿ ಅನಿವಾರ್ಯವಾಗಿ ಹಾಕಿದ್ದರೆ ಈಗ ಪೂರ್ತಿ ತೊಳೆದು ತೆಗೆಯಿರಿ. ಹೊಂಗಳ್ಳಿಯಿಂದ ಬರುವ ಮೈಸೂರಿನ ಕಾವೇರಿ ನೀರು ಕುಡಿಯಲು ಎಷ್ಟು ಚೆನ್ನಾಗಿದ್ದರೂ ರೇಡಿಯೇಟರಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರೇ ಸರಿ. ಗಾಢ ಕೂಲೆಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸುತ್ತಾರೆ. ರೆಡಿ ಮಿಕ್ಸ್ ಆದರೆ ನೀರು ಸೇರಿಸಬಾರದು. ಬಣ್ಣ ನೋಡಿ ಕೊಳ್ಳಬೇಡಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯದನ್ನೇ ಕೊಳ್ಳಿ.

ಗಾಳಿ ತೆಗೆಯುವುದನ್ನು ಮರೆಯಬೇಡಿ. ಕಾರಿನ ಮೂತಿ ಮೇಲಾಗುವಂತೆ ಇಳಿಜಾರಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು, ನಿಧಾನವಾಗಿ ತುಂಬಿಸಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದೆ ಧಾರೆ ಬರುವ ತನಕ ಸಡಿಲಿಸಿಡಿ. ಕ್ಯಾಪ್ ಹಾಕಿ ಇಂಜಿನ್ ಚಾಲೂ ಮಾಡಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲಲಿ. ಹೀಟರಿನಿಂದ ಬಿಸಿಗಾಳಿ ಬಂದರೆ ನೀರು ಸುತ್ತುತ್ತಿದೆ ಎಂದರ್ಥ.

ಮಾರನೆಯ ದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಮಟ್ಟ ನೋಡಿ. ಒಳಗಿದ್ದ ಗಾಳಿ ಹೊರಬಂದು ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಆಮೇಲೂ ದಿನದಿನಕ್ಕೆ ಇಳಿಯುತ್ತಿದ್ದರೆ ಸೋರಿಕೆ ಬೇರೆಲ್ಲೋ ಇದೆ. ಕಂದು ತಿರುಗಿ, ಕೂದಲೆಳೆ ಬಿರುಕು ಬಿಟ್ಟ ಪ್ಲಾಸ್ಟಿಕ್ ಇನ್ನೊಂದು ಕಂಡರೆ ಚಾಮುಂಡಿ ಬೆಟ್ಟ ಹತ್ತುವ ಮುಂಚೆ ಅದನ್ನೂ ಬದಲಿಸಿ.