ಪೊರಕೆ ಹಿಡಿಯುವ ಮುನ್ನ: ಮರುಭೂಮಿಯ ಕ್ಯಾಬಿನ್ನಿನಲ್ಲಿ ಇಲಿ ಹಿಕ್ಕೆ ತೆಗೆಯುವುದು ಹೇಗೆ

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ ಕಡೆ ಚಳಿಗಾಲವೆಲ್ಲ ಬೀಗ ಹಾಕಿಟ್ಟ ಕ್ಯಾಬಿನ್ ತೆರೆದಾಗ ಕಪಾಟಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಕಂಡರೆ ಕೈ ಮೊದಲು ಪೊರಕೆಗೇ ಹೋಗುತ್ತದೆ. ಎಡವಟ್ಟಾಗುವುದು ಅಲ್ಲೇ. ಅಲ್ಲಿನ ಡೀರ್ ಮೌಸ್ ಎಂಬ ಇಲಿಯ ಬೆನ್ನು ಕಂದು, ಹೊಟ್ಟೆ ಬಿಳಿ. ಬಾಲವೂ ಮೇಲೆ ಕಪ್ಪು, ಕೆಳಗೆ ಬಿಳಿ. ಮನುಷ್ಯರ ಶ್ವಾಸಕೋಶಕ್ಕೆ ಕುತ್ತು ತರುವ, ಸಿನ್ ನೋಂಬ್ರೆ ಎಂಬ ಹಂಟಾವೈರಸ್ ಇದರ ಮೈಯಲ್ಲಿರಬಹುದು, ಇದ್ದರೂ ಇಲಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಒಣಗಿದ ಮೂತ್ರ, ಹಿಕ್ಕೆ ಗುಡಿಸಿದಾಗ ಧೂಳಾಗಿ ಎದ್ದು ಉಸಿರಿನೊಂದಿಗೆ ಒಳಸೇರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಹಾಕಿದರೂ ಅದೇ ಗತಿ. (ನಮ್ಮ ಕಡೆಯ ಇಲಿಜ್ವರ ಬೇರೆ, ಅದು ಬ್ಯಾಕ್ಟೀರಿಯಾದ್ದು.)

ಮೊದಲು ಬಾಗಿಲು, ಕಿಟಕಿ ತೆರೆದಿಟ್ಟು 30 ನಿಮಿಷ ಹೊರಗೇ ಇರಿ. ರಬ್ಬರ್ ಕೈಗವಸು ಹಾಕಿಕೊಳ್ಳಿ. 900 ಮಿ.ಲೀ. ನೀರಿಗೆ 100 ಮಿ.ಲೀ. ಮನೆಬಳಕೆಯ ಬ್ಲೀಚ್ ಬೆರೆಸಿ. ಆವತ್ತಿನದು ಆವತ್ತೇ ಮಾಡಿಕೊಳ್ಳಿ, ಇಟ್ಟರೆ ಕಸುವು ಇಳಿಯುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಾಗಲಿ ಅಮೋನಿಯಾವನ್ನಾಗಲಿ ಜೊತೆಗೆ ಸೇರಿಸಿದರೆ ವಿಷದ ಗಾಳಿ ಏಳುತ್ತದೆ. ಹಿಕ್ಕೆ, ಗೂಡು, ಸತ್ತ ಇಲಿ ಎಲ್ಲದರ ಮೇಲೂ ತೊಯ್ದು ತೊಟ್ಟಿಕ್ಕುವಷ್ಟು ಸಿಂಪಡಿಸಿ, 5 ನಿಮಿಷ ಬಿಡಿ. ಹೆಚ್ಚಿನವರು ತಾಳ್ಮೆಗೆಡುವುದು ಈ ಐದು ನಿಮಿಷದಲ್ಲೇ. ಹಿಕ್ಕೆಯ ನಡುವೆ ಇನ್ನೂ ಒಣಗಿದ್ದರೆ ಸಿಂಪಡಿಸಿದ್ದು ದಂಡ. ಆಮೇಲೆ ಪೇಪರ್ ಟವೆಲ್ಲಿನಿಂದ ಒರೆಸಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಿ. ನೆಲವನ್ನೂ ಅದೇ ನೀರಿನಲ್ಲಿ ಒರೆಸಿ. ಕೈಗವಸನ್ನು ಬಿಚ್ಚುವ ಮೊದಲೇ ಸೋಪಿನಲ್ಲಿ ತೊಳೆಯಿರಿ, ಬಿಚ್ಚಿದ ಮೇಲೆ ಬರಿಗೈ ತೊಳೆಯಿರಿ.

6 ಮಿ.ಮೀ. ಸಂದು ಸಿಕ್ಕರೂ ಇಲಿ ನುಸುಳುತ್ತದೆ. ಸ್ಟೀಲ್ ವುಲ್ (ಉಕ್ಕಿನ ನಾರು) ತುರುಕಿ ಸುತ್ತ ಕಾಲ್ಕ್ (ಸಂದು ಮುಚ್ಚುವ ಅಂಟು) ಹಚ್ಚಿ. ಬರೀ ಫೋಮ್ ಆದರೆ ಕಡಿದುಹಾಕುತ್ತದೆ. ಅಂಟಿನ ಹಲಗೆ ಬೇಡ. ಸಿಕ್ಕಿಬಿದ್ದ ಇಲಿ ಹೆದರಿ ಉಚ್ಚೆ ಹೊಯ್ಯುತ್ತದೆ. ಕಡಲೆಕಾಯಿ ಬೆಣ್ಣೆ ಸವರಿದ ಸ್ಪ್ರಿಂಗ್ ಬೋನು ಸಾಕು.

ಮಳೆ ಚೆನ್ನಾಗಿ ಆದ ಮರುವರ್ಷ ಹೆಚ್ಚು ಹುಷಾರಾಗಿರಿ. ನಾಲ್ಕು ರಾಜ್ಯಗಳು ಕೂಡುವ ಫೋರ್ ಕಾರ್ನರ್ಸ್‌ನಲ್ಲಿ 1993ರಲ್ಲಿ ಈ ರೋಗ ಮೊದಲು ಪತ್ತೆಯಾದಾಗಲೂ ಹಾಗೇ ಆಗಿತ್ತು: ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯೇರುವುದು) ತಂದ ಮಳೆಗೆ ಪಿನ್ಯಾನ್ ಎಂಬ ಪೈನ್ ಮರದ ಬೀಜ ಹೇರಳವಾಗಿ, ಇಲಿ ಮಿತಿಮೀರಿತ್ತು.

ಗುಡಿಸಿಯೇಬಿಟ್ಟಿದ್ದರೆ ಮುಂದಿನ 8 ವಾರ ಮೈಮೇಲೆ ಗಮನವಿಡಿ. ಜ್ವರ, ತೊಡೆ ಸೊಂಟದ ನೋವಿನಿಂದ ಶುರುವಾಗಿ, ಕೆಲವು ದಿನಕ್ಕೆ ಉಸಿರು ಕಟ್ಟುತ್ತದೆ. ಆ ಹಂತ ಮುಟ್ಟಿದವರಲ್ಲಿ 100ಕ್ಕೆ ಸುಮಾರು 38 ಮಂದಿ ಉಳಿಯುವುದಿಲ್ಲ. ವೈರಸ್ಸಿಗೇ ಎಂದು ಔಷಧಿಯಿಲ್ಲ, ಬೇಗ ಐಸಿಯು ಸೇರುವುದೇ ದಾರಿ. ಹಾಗಾಗಿ ಜ್ವರ ಬಂದೊಡನೆ ಹೋಗಿ, ವೈದ್ಯರು ಕೇಳದಿದ್ದರೂ ‘ಇಲಿ ಹಿಕ್ಕೆ ಗುಡಿಸಿದ್ದೆ’ ಎಂದು ಹೇಳಿ.