ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಲೆಕ್ಕ ಕಲಿಯುವುದು ಹೇಗೆ?

ಎಸ್ಸೆಸ್ಸೆಲ್ಸಿ ಮುಗಿದೊಡನೆ ಗಣಿತಕ್ಕೆ ದೊಡ್ಡ ನಮಸ್ಕಾರ ಹಾಕಿ ಜೀವಶಾಸ್ತ್ರದ ಕಡೆ ಹೊರಳಿದವರೇ ನರ್ಸಿಂಗ್ ಸೀಟಿಗಾಗಿ ಹೆಚ್ಚಾಗಿ ಕಾಯುತ್ತಿರುತ್ತಾರೆ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಅವರು ಗಣಿತದ ಪತ್ರಿಕೆ ಬರೆಯಬೇಕಿಲ್ಲ, ನಿಜ. ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಲೆಕ್ಕ ಬಿಡುವುದಿಲ್ಲ. ಒಂದೊಂದು ವಿಷಯಕ್ಕೂ 60 ಪ್ರಶ್ನೆ, 80 ನಿಮಿಷ; ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಸೇನೆಯ ನರ್ಸಿಂಗ್ ಕಾಲೇಜು ಬಯಸುವವರು ನೀಟ್ ಬರೆದ ಮೇಲೆ ಸಾಮಾನ್ಯ ಬುದ್ಧಿಮತ್ತೆಯ ಪರೀಕ್ಷೆಯನ್ನೂ ಎದುರಿಸಬೇಕು. ಅಮೆರಿಕದ ಹಲವು ನರ್ಸಿಂಗ್ ಕಾಲೇಜುಗಳು ಕೇಳುವ ಟೀಸ್ (TEAS) ಪ್ರವೇಶ ಪರೀಕ್ಷೆಯಲ್ಲಂತೂ ಗಣಿತಕ್ಕೇ ಒಂದು ಭಾಗ ಮೀಸಲು.

ಸಮಾಧಾನದ ಸಂಗತಿಯೆಂದರೆ, ಬೇಕಾದ ಅಂಕಗಣಿತವೆಲ್ಲ 6ರಿಂದ 8ನೇ ತರಗತಿಯ ಪುಸ್ತಕಗಳಲ್ಲೇ ಇದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕಿದರೆ ಸಿಕ್ಕೀತು; ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಉಚಿತವಾಗಿಯೂ ಇಳಿಸಿಕೊಳ್ಳಬಹುದು. ದಪ್ಪ ಗೈಡುಗಳಿಗೆ ದುಡ್ಡು ಸುರಿಯುವ ಮೊದಲು ಇವನ್ನು ಮುಗಿಸಿ.

ಮೊದಲ ಹೆಜ್ಜೆ: ಮಗ್ಗಿ ಮತ್ತು ಭಿನ್ನರಾಶಿ

ಇಪ್ಪತ್ತರವರೆಗಿನ ಮಗ್ಗಿ ಬಾಯಿಗೆ ಬರಬೇಕು. ನಾಚಿಕೆಪಡುವಂಥದ್ದೇನಿಲ್ಲ, ಗಟ್ಟಿಯಾಗಿಯೇ ಹೇಳಿಕೊಳ್ಳಿ. ಭಿನ್ನರಾಶಿಯಲ್ಲಿ ಕೂಡುವಾಗ, ಕಳೆಯುವಾಗ ಛೇದಗಳನ್ನು ಒಂದೇ ಮಾಡಿಕೊಳ್ಳಬೇಕು: 3/4 + 1/6 ಎಂದರೆ 9/12 + 2/12, ಅಂದರೆ 11/12. ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುವುದು ಎಲ್ಲರಿಗೂ ನೆನಪಿರುತ್ತದೆ, ಏಕೆಂಬುದು ಮರೆತಿರುತ್ತದೆ. 3/4 ÷ 1/8 ಎಂದರೆ ಮುಕ್ಕಾಲರೊಳಗೆ 1/8 ಎಷ್ಟು ಸಲ ಸೇರುತ್ತದೆ ಎಂದು ಕೇಳಿದಂತೆ. ಒಂದರಲ್ಲಿ ಅದು 8 ಸಲ ಸೇರುತ್ತದೆ, ಹಾಗಾಗಿ ಮುಕ್ಕಾಲರಲ್ಲಿ 3/4 × 8. ಉತ್ತರ 6.

ಎರಡನೆಯದು: ದಶಮಾಂಶ ಮತ್ತು ಏಕಮಾನ

ಹೆಚ್ಚು ಅಂಕ ಹೋಗುವುದು ಇಲ್ಲೇ. ಗ್ರಾಂನಿಂದ ಮಿಲಿಗ್ರಾಂಗೆ, ಮಿಲಿಗ್ರಾಂನಿಂದ ಮೈಕ್ರೋಗ್ರಾಂಗೆ ಇಳಿಯುವಾಗ ಪ್ರತಿ ಸಲವೂ 1000ದಿಂದ ಗುಣಿಸಬೇಕು. ಏರುವಾಗ 1000ದಿಂದ ಭಾಗಿಸಬೇಕು. ದೊಡ್ಡ ಏಕಮಾನದಿಂದ ಚಿಕ್ಕದಕ್ಕೆ ಹೋದರೆ ಸಂಖ್ಯೆ ಹಿಗ್ಗಲೇಬೇಕು. ಹಿಗ್ಗದಿದ್ದರೆ ಬಿಂದು ತಪ್ಪು ದಿಕ್ಕಿಗೆ ಸರಿದಿದೆ ಎಂದೇ ಅರ್ಥ. ಭಾಗಾಕಾರದಲ್ಲಿ ಎರಡೂ ಕಡೆ ಬಿಂದುವನ್ನು ಒಂದೇ ಸಮ ಸರಿಸಿ ತೊಲಗಿಸಿ: 0.5 ÷ 0.25 ಎನ್ನುವುದು 50 ÷ 25, ಅಂದರೆ 2.

ಬರೆಯುವ ಒಂದು ಅಭ್ಯಾಸವನ್ನೂ ಈಗಲೇ ರೂಢಿಸಿಕೊಳ್ಳಿ. 5 ಮಿಲಿಗ್ರಾಂ ಅನ್ನು 5.0 ಎಂದು ಬರೆಯಬಾರದು. ಬಿಂದು ಮಸುಕಾದರೆ ಅದು 50 ಆಗಿ ಕಾಣುತ್ತದೆ. ಅರ್ಧವನ್ನು .5 ಎಂದು ಬರೆಯದೆ 0.5 ಎಂದೇ ಬರೆಯಬೇಕು. ಪರೀಕ್ಷೆಯಲ್ಲಿ ಹೋಗುವುದು ಒಂದು ಅಂಕ. ವಾರ್ಡಿನಲ್ಲಿ ಅದು ಹತ್ತು ಪಟ್ಟು ಔಷಧ.

ಮೂರನೆಯದು: ಶೇಕಡಾ ಮತ್ತು ಅನುಪಾತ

ನೂರಕ್ಕೆ ಎಷ್ಟು ಎಂಬುದಷ್ಟೇ ಇಲ್ಲಿನ ವಿಷಯ. ಶೇ 0.9ರ ಸಲೈನ್ ಎಂದರೆ 100 ಮಿಲಿಲೀಟರ್‌ನಲ್ಲಿ 0.9 ಗ್ರಾಂ ಉಪ್ಪು. 500 ಮಿಲಿಲೀಟರ್ ಬಾಟಲಿಯಲ್ಲಿ 4.5 ಗ್ರಾಂ. 1:1000 ಎಂಬ ದ್ರಾವಣದಲ್ಲಿ 1000 ಮಿಲಿಲೀಟರ್‌ಗೆ 1 ಗ್ರಾಂ, ಎಂದರೆ ಪ್ರತಿ ಮಿಲಿಲೀಟರ್‌ಗೆ 1 ಮಿಲಿಗ್ರಾಂ ಔಷಧ ಇರುತ್ತದೆ. ಕೆ.ಆರ್. ಮಾರುಕಟ್ಟೆಯ ಹೂವಿನವರು ಕಾಲು ಕಿಲೋ, ಮುಕ್ಕಾಲು ಕಿಲೋ ಬೆಲೆಯನ್ನು ತೂಗುವಷ್ಟರಲ್ಲೇ ಹೇಳಿಬಿಡುತ್ತಾರೆ. ಕಿಲೋಗೆ 180 ರೂಪಾಯಿಯಾದರೆ ಕಾಲು ಕಿಲೋಗೆ 45, ಮುಕ್ಕಾಲಿಗೆ 135. ಮೊಬೈಲ್ ತೆಗೆಯದೆ ದಿನಸಿ ಚೀಟಿಯನ್ನು ಹೀಗೆ ಕೂಡಿ ನೋಡುವುದೂ ಅಭ್ಯಾಸವೇ.

ನಾಲ್ಕನೆಯದು: ತ್ರೈರಾಶಿ

ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ ಇದು, ನರ್ಸಿಂಗ್ ಲೆಕ್ಕದ ಜೀವಾಳ. ಒಂದು ಮಾದರಿಯನ್ನು ನಿಧಾನವಾಗಿ ನೋಡೋಣ (ಇದು ಅಂಕಗಣಿತದ ಅಭ್ಯಾಸ ಮಾತ್ರ, ಮನೆಯಲ್ಲಿ ಔಷಧ ಕೊಡುವ ಸೂಚನೆಯಲ್ಲ). ಮಗುವಿನ ತೂಕ 12 ಕಿಲೋ. ಕಿಲೋಗೆ 15 ಮಿಲಿಗ್ರಾಂನಂತೆ ಔಷಧ ಕೊಡಬೇಕು. ಸಿರಪ್ಪಿನ 5 ಮಿಲಿಲೀಟರ್‌ನಲ್ಲಿ 120 ಮಿಲಿಗ್ರಾಂ ಇದೆ. ಎಷ್ಟು ಮಿಲಿಲೀಟರ್ ಬೇಕು?

ಬೇಕಾದ ಔಷಧ 12 × 15 = 180 ಮಿಲಿಗ್ರಾಂ. ಸೂತ್ರಕ್ಕೆ ಕೈಹಾಕುವ ಮೊದಲು ಅಂದಾಜು ಮಾಡಿ. 120ಕ್ಕೆ 5 ಮಿಲಿಲೀಟರ್, 240ಕ್ಕೆ 10. ನಮಗೆ ಬೇಕಾದ 180 ಇವೆರಡರ ನಟ್ಟನಡುವೆ ಇದೆ. ಹಾಗಾದರೆ ಉತ್ತರ 5 ಮತ್ತು 10ರ ನಡುವೆಯೇ ಇರಬೇಕು. ಈಗ ಲೆಕ್ಕ: 180 × 5 ÷ 120 = 7.5 ಮಿಲಿಲೀಟರ್. ಆಯ್ಕೆಗಳಲ್ಲಿ 75, 3.3 ಇದ್ದರೂ ನಿಮ್ಮ ಕಣ್ಣು ಅತ್ತ ಹೋಗುವುದಿಲ್ಲ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಏಕಮಾನ ಬರೆಯಿರಿ. ಮಿಲಿಗ್ರಾಂ ಮಿಲಿಗ್ರಾಂಗೆ ಹೊಡೆದುಹೋಗಿ ಮಿಲಿಲೀಟರ್ ಉಳಿದರೆ ದಾರಿ ಸರಿಯಾಗಿದೆ. ಈ ಒಂದು ಅಭ್ಯಾಸ ನನ್ನ ದೃಷ್ಟಿಯಲ್ಲಿ ಹತ್ತು ಸೂತ್ರಗಳಿಗೆ ಸಮ.

ಡ್ರಿಪ್ ಲೆಕ್ಕವೂ ಇದರದೇ ವಿಸ್ತರಣೆ. ಒಟ್ಟು ದ್ರವವನ್ನು ಒಂದು ಮಿಲಿಲೀಟರ್‌ಗೆ ಬೀಳುವ ಹನಿಗಳಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಿ. 4 ಗಂಟೆಯಲ್ಲಿ 500 ಮಿಲಿಲೀಟರ್ ಹೋಗಬೇಕು, ಸೆಟ್ಟು (ಡ್ರಿಪ್ಪಿನ ಹನಿ ಬೀಳಿಸುವ ನಳಿಕೆ) ಮಿಲಿಲೀಟರ್‌ಗೆ 20 ಹನಿಯದು ಎಂದಾದರೆ 500 × 20 ÷ 240 = 41.67. ಹನಿಯ ತುಣುಕನ್ನು ಎಣಿಸಲಾಗುವುದಿಲ್ಲವಾದ್ದರಿಂದ ನಿಮಿಷಕ್ಕೆ 42 ಹನಿ. ಗಂಟೆಯನ್ನು ನಿಮಿಷಕ್ಕೆ ಬದಲಿಸಲು ಮರೆಯುವುದೇ ಇಲ್ಲಿನ ಮಾಮೂಲಿ ಎಡವಟ್ಟು.

ಪರೀಕ್ಷೆಯ ಕೊಠಡಿಯಲ್ಲಿ

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಉದ್ದದ ಲೆಕ್ಕಗಳನ್ನು ಎರಡನೆಯ ಸುತ್ತಿಗೆ ಉಳಿಸಿಕೊಳ್ಳಿ.

ಈಗ ಗಡಿಯಾರ ಮುಂದಿಟ್ಟುಕೊಂಡು ಈ ನಾಲ್ಕನ್ನು ಬಿಡಿಸಿ, ಒಂದೊಂದಕ್ಕೂ 80 ಸೆಕೆಂಡು:

ಶೇ 5ರ ಡೆಕ್ಸ್‌ಟ್ರೋಸ್ 500 ಮಿಲಿಲೀಟರ್‌ನಲ್ಲಿ ಎಷ್ಟು ಗ್ರಾಂ ಸಕ್ಕರೆ? 0.25 ಮಿಲಿಗ್ರಾಂ ಎಂದರೆ ಎಷ್ಟು ಮೈಕ್ರೋಗ್ರಾಂ? ಮಿಲಿಲೀಟರ್‌ಗೆ 15 ಹನಿಯ ಸೆಟ್ಟಿನಲ್ಲಿ 1000 ಮಿಲಿಲೀಟರ್ 10 ಗಂಟೆಯಲ್ಲಿ ಮುಗಿಯಲು ನಿಮಿಷಕ್ಕೆ ಎಷ್ಟು ಹನಿ? ಮಿಲಿಲೀಟರ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ನಲ್ಲಿ 18 ಯೂನಿಟ್ ಎಂದರೆ ಎಷ್ಟು ಮಿಲಿಲೀಟರ್?

ಉತ್ತರಗಳು: 25 ಗ್ರಾಂ, 250 ಮೈಕ್ರೋಗ್ರಾಂ, 25 ಹನಿ, 0.45 ಮಿಲಿಲೀಟರ್. ಕೊನೆಯದಕ್ಕೆ 4.5 ಬಂದಿದ್ದರೆ ಎರಡನೆಯ ಹೆಜ್ಜೆಯನ್ನು ಮತ್ತೊಮ್ಮೆ ಓದಿ.