ಧಾರೆಗೆ ಮುಂಚೆಯೇ ಕೊರಳಲ್ಲಿ ತಾಳಿ: ಮೂರು ಕ್ಯಾಮೆರಾ ಟೈಮ್ ಹೊಂದಿಸಿದ ಕಥೆ

ಆಲ್ಬಂನ 12ನೇ ಪುಟದಲ್ಲಿ ಮದುಮಗಳ ಕೊರಳಲ್ಲಿ ತಾಳಿ ಇದೆ. 14ನೇ ಪುಟದಲ್ಲಿ ಹುಡುಗ ಈಗ ತಾಳಿ ಕಟ್ಟುತ್ತಿದ್ದಾನೆ. ಇದನ್ನು ಮೊದಲು ಕಂಡವರು ಹುಡುಗಿಯ ಸೋದರಮಾವ, ಅದೂ ಬೀಗರ ಎದುರಿಗೆ. ಆಲ್ಬಂ ಮತ್ತೆ ಪ್ರಿಂಟ್ ಹಾಕಿಸಲು 12-13 ಸಾವಿರ ನನ್ನ ಕೈಯಿಂದಲೇ ಹೋಯಿತು. ಬಾಕಿ ಹಣ ಕೇಳೋಕೆ ಮುಖವೂ ಇರಲಿಲ್ಲ.

ಡಿಸೈನರ್ ತಪ್ಪೇನೂ ಇಲ್ಲ. ಅವನು ಟೈಮ್ ಪ್ರಕಾರ ಜೋಡಿಸಿದ್ದ. ನಮ್ಮ ಎರಡನೇ ಕ್ಯಾಮೆರಾದ ಗಡಿಯಾರ 37 ನಿಮಿಷ ಹಿಂದೆ ಓಡುತ್ತಿತ್ತು, ಅಷ್ಟೇ.

ಮಂಡ್ಯದಲ್ಲಿ ಮದುವೆ ಫೋಟೊ ತೆಗೆಯುವವರಿಗೆಲ್ಲ ಈ ತಲೆನೋವು ಗೊತ್ತಿರುವುದೇ. ನಾನು, ತಮ್ಮ, ಇನ್ನೊಬ್ಬ ದಿನಗೂಲಿ ಹುಡುಗ. ಮೂರು ಕ್ಯಾಮೆರಾ, ಮೂರು ಟೈಮ್. ಮುಂದೊಂದು ಮದುವೆಯ ಹಿಂದಿನ ರಾತ್ರಿ ಕೂತು ಮೂರಕ್ಕೂ ಟೈಮ್ ಹೊಂದಿಸಿ ನೋಡಿದೆ. ಮೆನುವಿನಲ್ಲಿ ನಿಮಿಷದವರೆಗೆ ಸರಿ ಬರುತ್ತದೆ, ಸೆಕೆಂಡ್ ಕೈಕೊಡುತ್ತದೆ. ಧಾರೆ ಹೊತ್ತಿನಲ್ಲಿ ನಮಗೆ ಬೇಕಿರುವುದು ಸೆಕೆಂಡೇ ಅಲ್ವಾ? ಸಾಲದ್ದಕ್ಕೆ ಹಳೇ ಕ್ಯಾಮೆರಾ ಬಾಡಿಯ ಗಡಿಯಾರ ತಿಂಗಳಿಗೆ 15-20 ಸೆಕೆಂಡ್ ಜಾರುತ್ತದೆ.

ಆಮೇಲೆ ಹಿಡಿದ ದಾರಿ ಇದು. ಚಪ್ಪರಕ್ಕೆ ಕಾಲಿಡುವ ಮೊದಲೇ ಫೋನಿನಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ತೆರೆದು, ಮೂರು ಕ್ಯಾಮೆರಾದಲ್ಲೂ ಅದರ ಒಂದೊಂದು ಫೋಟೊ. ಮನೆಗೆ ಬಂದು ಫೋಟೊದಲ್ಲಿ ಕಾಣುವ ಟೈಮಿಗೂ ಎಕ್ಸಿಫ್‌ನಲ್ಲಿ (ಫೋಟೊ ಫೈಲಿನೊಳಗೆ ಕ್ಯಾಮೆರಾ ತಾನೇ ಬರೆದಿಡುವ ವಿವರ) ಬರೆದಿರುವ ಟೈಮಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ, ಆ ಕ್ಯಾಮೆರಾದ ಅಷ್ಟೂ ಫೈಲ್ ಒಟ್ಟಿಗೆ ಸರಿಸುವುದು. ಮೊದಲ ದಿನ ದಿನಗೂಲಿ ಹುಡುಗ, "ಏನಣ್ಣ, ಗಡಿಯಾರಕ್ಕೂ ಮದ್ವೆನಾ?" ಅಂದ. ಡಿಸೈನರ್ ಇನ್ನೂ ಜೋರು: "ಕಣ್ಣಲ್ಲಿ ನೋಡಿ ಜೋಡಿಸೋದಕ್ಕಿಂತ ಬೇರೆ ದಾರಿ ಇಲ್ಲ ಬಿಡಣ್ಣ."

ಮೊದಲ ಮೂರು ಮದುವೆ ಅವರ ಮಾತೇ ನಿಜವಾಯಿತು. ಒಂದರಲ್ಲಿ ಫೋಲ್ಡರಿನಲ್ಲಿ ಕಾಣುವ ತಾರೀಕು ನಂಬಿದೆ. ಅದು ಫೈಲಿನ ತಾರೀಕು, ಎಡಿಟ್ ಮಾಡಿ ಸೇವ್ ಮಾಡಿದರೆ ಬದಲಾಗುತ್ತದೆ. ಶಟರ್ ಒತ್ತಿದ ಹೊತ್ತು ಎಕ್ಸಿಫ್‌ನ 'ಡೇಟ್‌ಟೈಮ್ ಒರಿಜಿನಲ್' ಅನ್ನುವ ಜಾಗದಲ್ಲಿರುತ್ತದೆ, ನೋಡಬೇಕಾದ್ದು ಅದನ್ನು. ಇನ್ನೊಂದರಲ್ಲಿ ಕೂಡುವ ಬದಲು ಕಳೆದೆ. ಇದ್ದ ತಪ್ಪು ದುಪ್ಪಟ್ಟಾಯಿತು! ಎಕ್ಸಿಫ್ ತಿದ್ದಲು ಫಿಲ್ ಹಾರ್ವೆ ಬರೆದ ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೆ. ಅದು ಉಚಿತ, ಹಳೇ ಫೈಲನ್ನು 'ಒರಿಜಿನಲ್' ಅಂತ ಪಕ್ಕದಲ್ಲೇ ಉಳಿಸುತ್ತದೆ, ಹಾಗಾಗಿ ಬಚಾವಾದೆ. ಆದರೆ ಆ ನಕಲುಗಳನ್ನು ಅಳಿಸುವುದು ಮರೆತೆ. ಒಂದು ಮದುವೆಗೆ 90 ಜಿಬಿ ಇದ್ದದ್ದು 180 ಆಗಿ, ಸೀಸನ್ ನಡುವೆಯೇ ಡಿಸ್ಕ್ ತುಂಬಿತು. ಹೊಸದಕ್ಕೆ ಮತ್ತೆ 5 ಸಾವಿರ ಚಿಲ್ಲರೆ.

ಮೂರನೆಯದು ನೆನೆದರೆ ಈಗಲೂ ನಗು ಬರುತ್ತದೆ. ದಿನಗೂಲಿ ಹುಡುಗನ ಕ್ಯಾಮೆರಾದೊಳಗೆ ಗಡಿಯಾರ ಓಡಿಸುವ ಸಣ್ಣ ಬ್ಯಾಟರಿ ಸತ್ತಿತ್ತು. ಆರತಕ್ಷತೆ ಮಧ್ಯೆ ದೊಡ್ಡ ಬ್ಯಾಟರಿ ಬದಲಿಸಿದಾಗ ತಾರೀಕು ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿದೆ. ಆ ಲೆಕ್ಕದಲ್ಲಿ ಮದುಮಗಳು ಇನ್ನೂ ಪ್ರೈಮರಿ ಸ್ಕೂಲು. ಅಂದಿನಿಂದ ಬ್ಯಾಟರಿ ಬದಲಿಸಿದಾಗೆಲ್ಲ ಗಡಿಯಾರದ ಫೋಟೊ ಮತ್ತೆ ತೆಗೆಯಬೇಕು ಅಂತ ಕಟ್ಟುನಿಟ್ಟು ಮಾಡಿದ್ದೇನೆ.

ನಾಲ್ಕನೇ ಮದುವೆ ಮದ್ದೂರಿನಲ್ಲಿ. 4 ಸಾವಿರದ ಮೇಲೆ ಫೋಟೊ. ಎರಡು ರಾತ್ರಿಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಗಟ್ಟಿಮೇಳದ ಹೊತ್ತಿನ ಮೂರೂ ಕೋನ ಸಾಲಾಗಿ ಕೂತಿದ್ದವು. ನೆಂಟರ ಫೋನ್ ಫೋಟೊಗಳೂ ಸೇರಿದವು, ಆದರೆ ಅವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಬೇಕು. ಸುಮ್ನೆ ಫೋಟೊ ಆಗಿ ಬಂದರೆ ಒಳಗಿನ ವಿವರ ಉಳಿದಿರುವುದಿಲ್ಲ.

ಎಕ್ಸಿಫ್ ಹುಚ್ಚು ಹತ್ತಿದ ಮೇಲೆ ಬೇರೆ ಆಟವೂ ಆಡಿದೆ. ಮೈಸೂರಿನಲ್ಲಿ ಒಂದು ಹಳೇ ನಿಕಾನ್ ಬಾಡಿ ನೋಡಲು ಹೋದೆ. ಮಾರುವವನು ಇಪ್ಪತ್ತು ಸಾವಿರ ಕ್ಲಿಕ್ ಆಗಿದೆ ಅಂದ. ಅಲ್ಲೇ ಒಂದು ಫೋಟೊ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಎಕ್ಸಿಫ್‌ನೊಳಗೆ ಕ್ಯಾಮೆರಾ ಕಂಪನಿ ತನ್ನದೇ ವಿವರ ಬರೆಯುವ ಮೇಕರ್ ನೋಟ್‌ನಲ್ಲಿ ಶಟರ್ ಲೆಕ್ಕ ಲಕ್ಷ ದಾಟಿತ್ತು. 7 ಸಾವಿರ ಇಳಿಸಿಕೊಂಡು ತಂದೆ. ಕ್ಯಾನನ್‌ನ ಎಷ್ಟೋ ಬಾಡಿಗಳ ಫೋಟೊದಲ್ಲಿ ಈ ಲೆಕ್ಕ ಸಿಗುವುದಿಲ್ಲ, ನೆನಪಿರಲಿ.

ರಂಗನತಿಟ್ಟಿಗೆ ಹೋದಾಗ ಫೋನಿನಲ್ಲಿ ಜಿಪಿಎಸ್ ಜಾಡು ಹಿಡಿದು ಫೋಟೊಗಳಿಗೆ ಜಾಗ ಸೇರಿಸಲು ನೋಡಿದೆ. ಜಾಡಿನ ಟೈಮ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಟೈಮ್), ಕ್ಯಾಮೆರಾದ್ದು ನಮ್ಮೂರ ಟೈಮ್. ಲ್ಯಾಪ್‌ಟಾಪಿನ ಟೈಮ್‌ಝೋನ್ ತಪ್ಪಾಗಿದ್ದದ್ದು ನೋಡಿರಲಿಲ್ಲ. ಐದೂವರೆ ಗಂಟೆ ಎಡವಟ್ಟಾಗಿ, ಬೆಳಿಗ್ಗೆ ತೆಗೆದ ಹೆಜ್ಜಾರ್ಲೆಗಳೆಲ್ಲ ಮ್ಯಾಪಿನಲ್ಲಿ ಮಂಡ್ಯದ ನಮ್ಮ ಮನೆ ಮೇಲೆ ಕೂತಿದ್ದವು. 2016ರ ಎಕ್ಸಿಫ್ 2.31 ಆವೃತ್ತಿಯಿಂದ ಟೈಮ್‌ಝೋನ್ ಬರೆಯಲು ಜಾಗ ಇದೆ, ನಮ್ಮ ಹಳೇ ಬಾಡಿಗಳಿಗೆ ಅದೆಲ್ಲ ಗೊತ್ತಿಲ್ಲ.

ಗಡಿಯಾರದ ಫೋಟೊ ಮರೆತರೂ ಸರಿಮಾಡುವ ಒಂದು ಉಪಾಯ ಇದೆ. ಅಕ್ಷತೆಗೂ ಅದಕ್ಕೂ ಸಂಬಂಧ ಅಂತ ಮಾತ್ರ ಹೇಳುತ್ತೇನೆ. ಡಿಸೈನರ್ ಎರಡು ಸಲ ಕೇಳಿದ, ಅವನಿಗೂ ಹೇಳಿಲ್ಲ. ದಿನಗೂಲಿ ಹುಡುಗನ ಕ್ಯಾಮೆರಾದ ಒಳಬ್ಯಾಟರಿ ಇನ್ನೂ ಹಾಕಿಸಿಲ್ಲ. ರಿಪೇರಿಗೆ ಎರಡೂವರೆ ಸಾವಿರ ಕೇಳುತ್ತಾರೆ, ಗಡಿಯಾರದ ಫೋಟೊಗೆ ಏನೂ ಖರ್ಚಿಲ್ಲ.